ಅಪ್ಪನ ಫೋಟೋದ ಕ್ರೆಸಿಡಾ

ಬೇಸಿಗೆ ಮುಗಿಯಿತೆಂದು ನನ್ನ ಯಜಮಾನರು ಮೊನ್ನೆ ಹಳೆಯ ಕ್ರೆಸಿಡಾ ಕಾರಿನ ಹೊದಿಕೆ ತೆಗೆದರು. ಬಾಗಿಲು ತೆರೆದದ್ದೇ ತಡ, ನಾಲ್ಕು ತಿಂಗಳು ಬಿಸಿಲಲ್ಲಿ ಬೆಂದ ರೆಕ್ಸಿನ್ ಸೀಟಿನ ವಾಸನೆ ಮೂಗಿಗೆ ಬಡಿಯಿತು. ಅದರ ಅಡಿಯಲ್ಲೆಲ್ಲೋ ಅಮ್ಮ ಮೊಣಕಾಲಿಗೆ ತಿಕ್ಕಿಕೊಳ್ಳುತ್ತಿದ್ದ ನೋವಿನೆಣ್ಣೆಯ ವಾಸನೆಯೂ ಇತ್ತು. ಎರಡು ವರ್ಷ ಎಣ್ಣೆಯ ವಾಸನೆ ಉಳಿಯುವುದುಂಟೇ ಎಂದು ಇವರು ನಕ್ಕರು. ನನ್ನ ಮೂಗು ನನಗೆ ಗೊತ್ತಿಲ್ಲವೇ? ವಾದ ಮಾಡುವುದು ಬಿಟ್ಟು ಸುಮ್ಮನೆ ಹಿಂದಿನ ಸೀಟಿನಲ್ಲಿ ಹೋಗಿ ಕೂತೆ. ಆ ಚಳಿಗಾಲವಿಡೀ ನನ್ನ ಜತೆ ಬಂದು ಕೂತಿತು.

ಅಮ್ಮ ಆಗ ಎರಡು ತಿಂಗಳ ವಿಸಿಟ್ ವೀಸಾದಲ್ಲಿ ದುಬೈಯ ಅಲ್ ನಹ್ದಾದ ನಮ್ಮ ಫ್ಲ್ಯಾಟಿಗೆ ಬಂದಿದ್ದಳು. ವಯಸ್ಸು ಎಪ್ಪತ್ತೊಂದು. ಅಪ್ಪ ಅಬುಧಾಬಿಯ ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಹದಿನೇಳು ವರ್ಷ ದುಡಿದರೂ ಅವಳು ಒಂದೇ ಒಂದು ಸಲ ಈ ಕಡೆ ತಲೆ ಹಾಕಿದವಳಲ್ಲ. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾದ ಮೇಲೆ, ನಾನು ಕಾಡಿ ಬೇಡಿ, ಅಂತೂ ವಿಮಾನ ಹತ್ತಿದ್ದಳು.

ಬಂದ ದಿನವೇ ಒಂದು ತಮಾಷೆ ಶುರುವಾಯಿತು. ಇಲ್ಲಿ ಸ್ಟಿಯರಿಂಗ್ ಎಡಗಡೆ. ಅಮ್ಮ ಊರಿನ ಅಭ್ಯಾಸದಲ್ಲಿ ಪ್ರತಿ ಸಲ ನೆಟ್ಟಗೆ ಡ್ರೈವರ್ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದಳು. "ಏನತ್ತೆ, ಇವತ್ತು ನೀವೇ ಬಿಡುವುದಾ?" ಎಂದು ಇವರು ಕೇಳುವುದು, "ಅಜ್ಜಿ, ರಾಂಗ್ ಸೈಡ್!" ಎಂದು ನನ್ನ ಮಗಳು ಕಿರುಚುವುದು, ಅಮ್ಮ "ಥೂ, ಇವರ ಊರೇ ಉಲ್ಟಾ" ಎಂದು ಬೈದುಕೊಂಡು ಸುತ್ತಿ ಬರುವುದು. ಮರುದಿನ ಮತ್ತೆ ಅದೇ ಬಾಗಿಲು. ನಾವು ನಗುತ್ತಿದ್ದೆವು. ಇಪ್ಪತ್ತೆರಡು ವರ್ಷದ ಹಿಂದೆ ನಾನೂ ಹಾಗೇ ಮಾಡಿದ್ದನ್ನು ಮರೆತು ನಗುತ್ತಿದ್ದೆ.

ಇವರಿಗೆ ಹಳೆಯ ಕಾರಿನ ಹುಚ್ಚು ಹಿಡಿದದ್ದೂ ಅದೇ ತಿಂಗಳು. ಎಸಿ ಮೇಂಟೆನೆನ್ಸ್ ಕೆಲಸದ ಮನುಷ್ಯ, ಶಾರ್ಜಾದ ಗ್ಯಾರೇಜಿಗೆ ಯಾವುದೋ ಪಂಪು ತರಲು ಹೋದವರು ಒಂದು ಮುದಿ ಕ್ರೆಸಿಡಾ ತಂದರು. ನಲವತ್ತು ವರ್ಷದ ಹಿಂದೆ ಗಲ್ಫಿನಲ್ಲಿ ಎಲ್ಲಿ ನೋಡಿದರೂ ಓಡಾಡುತ್ತಿದ್ದ ಉದ್ದ ಮೂತಿಯ ಕಾರು ಅದು, ಬೆಣ್ಣೆಬಣ್ಣದ್ದು. "ಕ್ಲಾಸಿಕ್ ಮಾರಾಯ್ತಿ! ರಿಪೇರಿ ಮಾಡಿ, ಇದರ ಮೊದಲ ಮಾಲೀಕನಿಂದ ಹಿಡಿದು ಇತಿಹಾಸ ತೆಗೆಯುತ್ತೇನೆ" ಎಂದರು. ಮನೆಯ ಗೀಸರ್ ರಿಪೇರಿಗೆ ಮೂರು ತಿಂಗಳು ಪುರುಸೊತ್ತು ಸಿಗದ ಮನುಷ್ಯ! ಕಟ್ಟಡದ ಎದುರಿನ ಮರಳು ಜಾಗದಲ್ಲಿ ಅದನ್ನು ನಿಲ್ಲಿಸಿ, ಎಲ್ಲರನ್ನೂ ಕರೆದರು. ಮಗಳು ಮೂಗು ಮುಚ್ಚಿಕೊಂಡಳು. ಅಮ್ಮ ಮಾತ್ರ ದೂರದಲ್ಲೇ ನಿಂತುಬಿಟ್ಟಳು. ಹಿಂದಿನ ಬಾಗಿಲಿನಲ್ಲಿ ಒಂದು ನೆಗ್ಗು ಇತ್ತು. ಅವಳ ಕಣ್ಣು ಅಲ್ಲೇ ಇತ್ತು. ಹಾಗೇ ತಿರುಗಿ ಮೇಲೆ ಹೋದಳು.

ಮರುದಿನ ಬೆಳಿಗ್ಗೆ, ಎಲ್ಲರೂ ಹೊರಟುಹೋದ ಮೇಲೆ, ಅಮ್ಮ ತನ್ನ ಭಜನೆ ಪುಸ್ತಕದಿಂದ ಒಂದು ಫೋಟೋ ತೆಗೆದು ನನ್ನ ಮುಂದಿಟ್ಟಳು. ಚಿಕ್ಕವಳಿದ್ದಾಗ ಒಮ್ಮೆ ನೋಡಿದ್ದೆ. ಮುಟ್ಟಿದ್ದಕ್ಕೆ ಪೆಟ್ಟೂ ತಿಂದಿದ್ದೆ. ಕಪ್ಪು ಕನ್ನಡಕ ಹಾಕಿದ ಅಪ್ಪ ಒಂದು ಕಾಲಿಗೆ ಇನ್ನೊಂದು ಕಾಲು ಅಡ್ಡ ಇಟ್ಟು, ಬೆಣ್ಣೆಬಣ್ಣದ ಕ್ರೆಸಿಡಾಕ್ಕೆ ಒರಗಿದ್ದಾರೆ. ಹಿಂದಿನ ಬಾಗಿಲಿನಲ್ಲಿ ನೆಗ್ಗು. ಅಪ್ಪನ ಬೆನ್ನ ಹಿಂದೆ, ಮುಂದಿನ ಸೀಟಿನ ಕಿಟಕಿಯಿಂದ ಹೊರಗೆ ಒಂದು ಮೊಣಕೈ. ಗುಲಾಬಿ ತೋಳು. ಗಡಿಯಾರದ ಮುಖ ಮಣಿಕಟ್ಟಿನ ಒಳಬದಿಗೆ. ಮುಖ ಕಾಣುವುದಿಲ್ಲ.

"ನಮ್ಮ ಕಾರು ಅಂತ ಹಿಂದೆ ಬರೆದಿದ್ದಾರೆ" ಎಂದಳು ಅಮ್ಮ. "ನಮ್ಮ ಕಾರಿನಲ್ಲಿ ಹೆಂಡತಿ ಕೂರುವ ಜಾಗದಲ್ಲಿ ಕೂತವಳು ಯಾರು? ಗಡಿಯಾರ ಕಟ್ಟಿದ ಸೊಕ್ಕು ನೋಡು."

"ಅಪ್ಪನ ಹತ್ತಿರ ಕೇಳಲಿಲ್ಲವಾ?"

"ಕೇಳಿ, ಹೌದು ಅಂದ್ರೆ ಎಂತ ಮಾಡುವುದು?"

ಆಮೇಲೆ ಹೇಳಿದ ಮಾತಿಗೆ ನನ್ನ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ನನಗೆ ನಾಲ್ಕು ವರ್ಷವಿದ್ದಾಗ ಅಪ್ಪ ನಮ್ಮಿಬ್ಬರಿಗೂ ಫ್ಯಾಮಿಲಿ ವೀಸಾ ಮಾಡಿಸಿ ಟಿಕೇಟು ಕಳಿಸಿದ್ದರು. ಅಜ್ಜಿಗೆ ಹುಷಾರಿಲ್ಲದ್ದರಿಂದ ಹೋಗಲಾಗಲಿಲ್ಲ ಎಂದೇ ನಾನು ಕೇಳುತ್ತ ಬೆಳೆದದ್ದು. ಅಜ್ಜಿ ಗುಂಡುಕಲ್ಲಿನ ಹಾಗಿದ್ದರಂತೆ. ಟಿಕೇಟಿನ ಹಿಂದೆಯೇ ಈ ಫೋಟೋ ಬಂದಿತ್ತು, ಅಮ್ಮ ಹೊರಡಲಿಲ್ಲ. ಅಪ್ಪ ಮತ್ತೆಂದೂ ಕರೆಯಲಿಲ್ಲ. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ಮಟ್ಟಿಗೆ ಬರುತ್ತಿದ್ದ ಅತ್ತರಿನ ವಾಸನೆಯ ನೆಂಟ ಅವರು ನನಗೆ. ಅದಕ್ಕೆ ಈ ಮೊಣಕೈ ಕಾರಣವೇ? ನನಗೆ ಅಮ್ಮನ ಮೇಲೆ ಸಿಟ್ಟು ಬಂತು, ಅಪ್ಪನ ಮೇಲೆ ಬಂತು, ಯಾರ ಮೇಲೆ ಎಷ್ಟು ಎಂದು ತಿಳಿಯದೆ ಅಳುವೂ ಬಂತು.

"ಇದು ಅದೇ ಕಾರು ಶೋಭಾ. ಯಾರ ಹೆಸರಲ್ಲಿತ್ತು ಅಂತ ನೋಡು. ಅವರ ಹೆಸರು ಉಂಟಾ, ಹೆಂಗಸಿನ ಹೆಸರು ಉಂಟಾ ನೋಡು."

"ಅಮ್ಮ, ಅಂಥ ಕಾರು ಸಾವಿರ ಇದ್ದವು. ಅದರ ಬದಲು ಅಪ್ಪನ ರೂಮಿನಲ್ಲಿದ್ದ ಶೀನಣ್ಣನಿಗೆ ಫೋನ್ ಮಾಡುವ. ಊರಲ್ಲೇ, ಕಟಪಾಡಿಯಲ್ಲೇ ಇದ್ದಾರಲ್ಲ?"

"ಬೇಡ! ಊರಿನವರ ಹತ್ತಿರ ಕೇಳಿದ್ರೆ ನಾಳೆ ಬಸ್ ಸ್ಟ್ಯಾಂಡಿನಲ್ಲಿ ಸುದ್ದಿ. ಕಾರಿನ ಹತ್ತಿರ ಕೇಳಿದ್ರೆ ಯಾರಿಗೂ ಗೊತ್ತಾಗುವುದಿಲ್ಲ."

ಅವಳ ವೀಸಾ ಮುಗಿಯಲು ಐದು ವಾರವಿತ್ತು.

ಇವರಿಗೆ ಫೋಟೋ ತೋರಿಸಿದೆ. ಮೊಣಕೈಯ ವಿಷಯ ಅರ್ಧ ಹೇಳಿ ಅರ್ಧ ನುಂಗಿದೆ. ಇವರೋ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. "ಮಾವನ ಕಾರು ನನ್ನ ಕೈಗೇ ಬಂತಾ!" ಎಂದು ಕುಣಿದರು. ನಂಬರ್ ಪ್ಲೇಟು ನೋಡಿ ಹಿಡಿಯೋಣವೆಂದರೆ ಇಲ್ಲಿ ಪ್ಲೇಟು ಕಾರಿನ ಜತೆ ಇರುವುದಿಲ್ಲ, ಕಾರು ಮಾರಿದಾಗ ಬದಲಾಗುತ್ತದೆ. ಹಾಗಾಗಿ ಮನುಷ್ಯರನ್ನೇ ಹುಡುಕಬೇಕಾಯಿತು.

ಮೊದಲು ಕಾರು ಮಾರಿದ ಶಾರ್ಜಾದ ಗ್ಯಾರೇಜಿನ ಖಾನ್. "ಒಬ್ಬರ ಕೈಯಲ್ಲೇ ಇದ್ದ ಗಾಡಿ, ಡಾಕ್ಟರ್ ಸಾಹೇಬರದ್ದು" ಎಂದು ಗಡ್ಡ ಮುಟ್ಟಿ ಆಣೆ ಹಾಕಿದ. ಯಾವ ಡಾಕ್ಟರ್ ಎಂದು ಕೇಳಿದರೆ, "ಡಾಕ್ಟರ್ ಇರಲಿಕ್ಕಿಲ್ಲ, ದರ್ಜಿ" ಎಂದ. ಸೀಟಿನ ಅಡಿಯಲ್ಲಿ ಸಿಕ್ಕಿದ್ದೆಂದು ಒಂದು ಹಳೆಯ ಮುಲ್ಕಿಯಾ ಕೊಟ್ಟ. ವಾಹನ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಕಾರ್ಡು ಅದು. ನನ್ನ ಕೆಲಸ ಟೈಪಿಂಗ್ ಸೆಂಟರಿನಲ್ಲಿ. ಜನರ ವೀಸಾ, ಬಾಡಿಗೆ ಕರಾರುಗಳ ಅರ್ಜಿಯನ್ನು ಅರಬ್ಬಿಯಲ್ಲಿ ತುಂಬಿಸಿಕೊಡುವುದು, ತಪ್ಪು ಹಿಡಿಯುವುದು. ಕಾರ್ಡು ಓದಿದೆ. ಅಬುಧಾಬಿ. ಹೆಂಗಸಿನ ಹೆಸರು. ಅರಬ್ಬಿ ಹೆಂಗಸಿನ ಹೆಸರು.

ಒಂದು ವಾರ ಅಮ್ಮನಿಗೆ ಹೇಳಲಿಲ್ಲ. ಬೆಳಗಿನ ಮಂಜಿನಲ್ಲಿ ಎದುರಿನ ಕಟ್ಟಡವೇ ಕಾಣದ ದಿನಗಳವು. ಸೆಂಟರಿನಲ್ಲಿ ಯಾರದ್ದೋ ಅರ್ಜಿಯಲ್ಲಿ ಗಂಡನ ಹೆಸರಿನ ಜಾಗದಲ್ಲಿ ತಂದೆಯ ಹೆಸರು ಹಾಕಿ ಬೈಸಿಕೊಂಡೆ. ಅಪ್ಪನಿಗೆ ಅರಬ್ಬಿ ಹೆಂಗಸು? ಲಾಂಡ್ರಿಯ ಅಪ್ಪನಿಗೆ? ಬೀಡಿ ಸೇದಿ ಕೆಮ್ಮುವ, ಅನ್ನಕ್ಕೆ ಮಜ್ಜಿಗೆ ಇಲ್ಲದಿದ್ದರೆ ಮುಖ ಊದಿಸುವ ನನ್ನ ಅಪ್ಪನಿಗೆ? ನಗಬೇಕೋ ಹೆದರಬೇಕೋ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಇವರು ಅಬುಧಾಬಿಯ ಮುಸಫ್ಫಾದಲ್ಲಿದ್ದ ಆ ಮಲಯಾಳಿ ದರ್ಜಿಯನ್ನು ಹಿಡಿದು ಮಾತಾಡಿಸಿ ಬಂದರು, ಬಂದವರ ಮುಖ ಇಂಗು ತಿಂದ ಮಂಗನದ್ದಾಗಿತ್ತು. ಕಾರು ಮೊದಲು ಹಸಿರು ಬಣ್ಣದ್ದಂತೆ. ಇಂಜಿನ್ ಇನ್ನೊಂದು ಗಾಡಿಯದ್ದಂತೆ. ಎಡಗಡೆಯ ಎರಡು ಬಾಗಿಲು ಅಬುಧಾಬಿಯ ಗುಜರಿಯಿಂದ ತಂದು ಹಾಕಿದ್ದಂತೆ. ಆ ಬಾಗಿಲುಗಳು ಬೆಣ್ಣೆಬಣ್ಣದ್ದಿದ್ದವೆಂದು ಇಡೀ ಕಾರಿಗೇ ಬೆಣ್ಣೆಬಣ್ಣ ಹೊಡೆಸಿದನಂತೆ.

"ನೆಗ್ಗಿದ ಬಾಗಿಲು?" ಎಂದು ಅಮ್ಮ ಅಡುಗೆಮನೆಯಿಂದಲೇ ಕೇಳಿದಳು.

"ಅದೂ ಗುಜರಿಯದ್ದೇ ಅತ್ತೆ."

"ಹಾಗಾದ್ರೆ ಆ ಬಾಗಿಲಿನ ಯಜಮಾನ ಯಾರು?"

"ಅತ್ತೆ, ಬಾಗಿಲಿಗೆ ಬೇರೆ ಮುಲ್ಕಿಯಾ ಇರುವುದಿಲ್ಲ."

"ಎಲ್ಲ ಇರುವ ಊರು ಅಂತೀರಿ, ಅದೊಂದು ಇಲ್ಲವಾ?" ಎಂದು ಸೌಟು ಕುಕ್ಕಿದಳು. ನನ್ನ ಕಡೆ ತಿರುಗಿ, "ನಿನ್ನ ಮುಖ ಒಂದು ವಾರದಿಂದ ಸರಿ ಇಲ್ಲ. ಹೆಂಗಸಿನ ಹೆಸರು ಉಂಟಲ್ಲ?" ಎಂದಳು. ಕುಂಬಳಕಾಯಿ ಕಳ್ಳ ಅಂದ ಹಾಗಾಯಿತು, ಹೆಗಲು ಮುಟ್ಟಿಕೊಂಡೆ. ಕಾರ್ಡು ಕೊಟ್ಟೆ. ಓದಲು ಬಾರದ ಅಕ್ಷರಗಳನ್ನು ಅವಳು ಬಹಳ ಹೊತ್ತು ನೋಡಿದಳು. "ನಾನೂ ಬರ್ತೇನೆ. ಅವಳ ಮುಖ ನೋಡ್ಬೇಕು" ಎಂದಳು.

ದರ್ಜಿಯ ಕಡೆಯಿಂದ ಆ ಮನೆಯವರ ನಂಬರು ಸಿಕ್ಕಿತು. ಒಂದು ಶನಿವಾರ ಕ್ರೆಸಿಡಾದಲ್ಲೇ ಹೊರಟೆವು. ಇವರ ಕಾರು ಅಬುಧಾಬಿ ಹೆದ್ದಾರಿಯಲ್ಲಿ ನಿಧಾನದ ಗಾಡಿಗಳ ಬಲತುದಿಯ ಲೇನ್ ಬಿಡಲೇ ಇಲ್ಲ. ನೀರಿನ ಟ್ಯಾಂಕರುಗಳೂ ನಮ್ಮನ್ನು ದಾಟಿ ಹೋದವು. ಅಮ್ಮ ನನ್ನ ಪಕ್ಕ ಹಿಂದಿನ ಸೀಟಿನಲ್ಲಿ, ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದಳು. ಮದುವೆಗೆ ಉಡುವ ರೇಷ್ಮೆ ಸೀರೆ ಉಟ್ಟಿದ್ದಳು. ಯಾರಿಗೆ ತೋರಿಸಲು ಎಂದು ನನಗೆ ಗೊತ್ತಿತ್ತು.

ಬಾಗಿಲು ತೆರೆದವರು ಎಂಬತ್ತು ದಾಟಿದ ಅರಬ್ಬಿ ಹಿರಿಯರು. ಖರ್ಜೂರ, ಗಾವಾ ಎಂಬ ಅರಬ್ಬಿ ಕಾಫಿ ಕೊಟ್ಟರು. ಮುಲ್ಕಿಯಾ ನೋಡಿ ಕಣ್ಣಿಗೊತ್ತಿಕೊಂಡರು. ಆ ಹೆಸರು ಅವರ ತಾಯಿಯದ್ದು. ತೀರಿಕೊಂಡು ಎಷ್ಟೋ ವರ್ಷವಾಯಿತು. ಕಾರು ಆಕೆಯ ಹೆಸರಿನಲ್ಲಿತ್ತು, ಪೇಶಾವರದ ಡ್ರೈವರ್ ಓಡಿಸುತ್ತಿದ್ದ, ಕಾರು ಹಸಿರು. ಇಲ್ಲಿಗೆ ಖಲಾಸ್. ಬೆಟ್ಟ ಅಗೆದು ಇಲಿಯೂ ಸಿಗದ ಹಾಗಾಯಿತು. ನಾನು ಏಳುವವಳಿದ್ದೆ, ಅಮ್ಮ ಸೆರಗಿನೊಳಗಿಂದ ಫೋಟೋ ತೆಗೆದು ಅವರ ಕೈಗಿಟ್ಟಳು.

ಹಿರಿಯರು ಕನ್ನಡಕ ಸರಿಮಾಡಿ ನೋಡಿದರು. ಆಮೇಲೆ ತಮಗೆ ಬರುವ ಹಿಂದಿಯಲ್ಲಿ, "ಇದು ನಮ್ಮ ಗಾಡಿ ಅಲ್ಲ. ಈ ಗಾಡಿ ಈ ಹೆಂಗಸಿನದ್ದು" ಎಂದು ಮೊಣಕೈಯ ಮೇಲೆ ಬೆರಳಿಟ್ಟರು.

"ಹೇಗೆ ಗೊತ್ತು ಬಾಬಾ?" ಎಂದೆ.

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಓಡಿಸುತ್ತಿರುವುದು ಅವಳಲ್ಲವೇ? ಈ ಗಂಡಸು ಹೊರಗೆ ನಿಂತಿದ್ದಾನೆ."

ನಾನು ಫೋಟೋ ಕಿತ್ತುಕೊಂಡೆ. ಅಪ್ಪ ಒರಗಿದ್ದು ಕಾರಿನ ಎಡಬದಿಗೆ. ಮೊಣಕೈ ಇದ್ದದ್ದು ಎಡಗಡೆಯ ಮುಂದಿನ ಕಿಟಕಿಯಲ್ಲಿ. ಊರಿನಲ್ಲಿ ಅದು ಹೆಂಡತಿಯ ಜಾಗ. ಇಲ್ಲಿ ಡ್ರೈವರಿನ ಸೀಟು! ಅಯ್ಯೋ ದೇವರೇ. ಅಮ್ಮ ಬಿಡಿ, ಅವಳು ಕಟಪಾಡಿಯಲ್ಲಿ ಕೂತು ನೋಡಿದವಳು. ನಾನು? ದಿನಾ ಎಡಗಡೆ ಕೂತು ಕಾರು ಓಡಿಸುವವಳು, ಡ್ರೈವಿಂಗ್ ಟೆಸ್ಟಿನಲ್ಲಿ ಮೂರು ಸಲ ಫೇಲಾಗಿ ನಾಲ್ಕನೆಯದಕ್ಕೆ ಲೈಸೆನ್ಸ್ ತೆಗೆದವಳು. ಹಳೆಯ ಕಾರಿನ ಪಂಡಿತರೆಂದು ಮೆರೆಯುವ ಇವರು? ಆ ಫೋಟೋ ಹಿಡಿದ ಕೂಡಲೇ ನಾವಿಬ್ಬರೂ ಊರಿನ ಕಣ್ಣಿನಿಂದ ನೋಡಿದ್ದೆವು. ಅಮ್ಮನಿಗೆ ತುಳುವಿನಲ್ಲಿ ಬಿಡಿಸಿ ಹೇಳಿದೆ. ಅವಳಿಗೆ ಎರಡು ಸಲ ಹೇಳಬೇಕಾಯಿತು.

"ಹಾಗಾದ್ರೆ ಅವಳು ಅವರ ಹತ್ತಿರ ಕೂತದ್ದಲ್ಲ?"

"ಅಲ್ಲಮ್ಮ. ಅವರು ಅವಳ ಕಾರಿನ ಹತ್ತಿರ ನಿಂತದ್ದು."

"ಮತ್ತೆ ನಮ್ಮ ಕಾರು ಅಂತ ಯಾಕೆ ಬರೆದದ್ದು?" ಎಂದಳು.

ವಾಪಸು ಬರುವ ದಾರಿಯಲ್ಲಿ ಅವಳೇ, "ಶೀನನಿಗೆ ಫೋನ್ ಮಾಡು, ಸ್ಪೀಕರಿಗೆ ಹಾಕು" ಎಂದಳು. ಶೀನಣ್ಣ ಒಂದು ಕ್ಷಣವೂ ಯೋಚಿಸಲಿಲ್ಲ. "ಬೆಣ್ಣೆಬಣ್ಣದ್ದಾ? ಅದು ಸಿಂತಿಯಾ ಸಿಸ್ಟರಿನ ಕಾರು ಮಾರಾಯ್ತಿ! ನಮ್ಮ ಆಸ್ಪತ್ರೆಯ ನರ್ಸ್, ನಮ್ಮ ಕಡೆಯ ಕ್ರಿಶ್ಚಿಯನ್ ಬಾಯಮ್ಮ. ಅದಕ್ಕೆ ಒರಗಿ ಫೋಟೋ ತೆಗೆಸದವರು ಯಾರುಂಟು? ನನ್ನದೂ ಉಂಟು, ಗೋಡೆಯಲ್ಲಿ ನೇತು ಹಾಕಿದ್ದೇನೆ. ನನ್ನ ಮಕ್ಕಳು ಈಗಲೂ ನಮ್ಮ ಕಾರು ಅಂತಾರೆ" ಎಂದು ನಕ್ಕರು. ಒಳಬದಿಗೆ ಗಡಿಯಾರ ಕಟ್ಟುವುದು ನರ್ಸುಗಳ ಅಭ್ಯಾಸ, ನಾಡಿ ಎಣಿಸಲು. ಅದು ಸೊಕ್ಕಲ್ಲ. ಸಿಸ್ಟರ್ ಈಗ ದುಬೈಯಲ್ಲೇ, ಊದ್ ಮೇಥಾದಲ್ಲಿ ಮಗಳ ಜತೆ ಇದ್ದಾರೆ ಎಂದೂ ಅವರೇ ಹೇಳಿದರು. ನಮ್ಮ ಮನೆಯಿಂದ ಇಪ್ಪತ್ತು ನಿಮಿಷ. ಎಲ್ಲಿಂದ ಎಲ್ಲಿಗೆ ಸುತ್ತಿದ್ದೆವು ನೋಡಿ!

ನನಗೆ ಎದೆಯ ಭಾರ ಇಳಿದಿತ್ತು. ಅಮ್ಮನಿಗೆ ಇಳಿಯಲಿಲ್ಲ. ನಾಲ್ಕು ದಿನ ಅವಳು ಮನೆಯೊಳಗೆ ಏನೋ ಕಳೆದುಕೊಂಡವಳ ಹಾಗೆ ತಿರುಗಿದಳು. ಬಟ್ಟೆ ಮಡಚುತ್ತ ಮಡಚುತ್ತ ಒಮ್ಮೆ, "ಮತ್ತೆ ಇಷ್ಟು ವರ್ಷ ನಾನು ಸಿಟ್ಟು ಮಾಡಿದ್ದು ಯಾರ ಮೇಲೆ?" ಎಂದು ಕೇಳಿದಳು. ವೀಸಾಕ್ಕೆ ಆರು ದಿನ ಉಳಿದಿತ್ತು. "ಒಮ್ಮೆ ಅವಳನ್ನು ನೋಡಿ ಬರುವ" ಎಂದಳು. ಈ ಸಲ ದಿನಾ ಉಡುವ ಸೀರೆಯಲ್ಲೇ ಹೊರಟಳು. ಕೆಳಗೆ ಬಂದು, ಮತ್ತೆ ಡ್ರೈವರ್ ಬಾಗಿಲಿಗೇ ಹೋಗಿ ನಿಂತಳು; ಇವರು ತಮಾಷೆ ಮಾಡಲಿಲ್ಲ.

ಸಿಂತಿಯಾ ಸಿಸ್ಟರ್ ಬಾಗಿಲಲ್ಲೇ ಕಾದಿದ್ದರು. ಎತ್ತರದ ಹೆಂಗಸು, ಕತ್ತರಿಸಿದ ಬಿಳಿ ಕೂದಲು, ಗಡಿಯಾರ ಈಗಲೂ ಒಳಬದಿಗೆ. ಅಮ್ಮನನ್ನು ನೋಡಿದ್ದೇ, "ನೀವು ವಾರಿಜ ಅಲ್ವಾ?" ಎಂದರು.

"ನನ್ನ ಹೆಸರು ನಿಮಗೆ ಹೇಗೆ?"

"ಕೇಳಿ ಕೇಳಿ ಕಿವಿ ತೂತಾಗಿದೆ ವಾರಿಜ ಬಾಯಿ! ವಾರಿಜ ಮಾಡುವ ಪತ್ರೊಡೆ, ವಾರಿಜನ ಕಾಗದ ಬರಲಿಲ್ಲ, ವಾರಿಜನಿಗೆ ಸೆಖೆ ಆಗುವುದಿಲ್ಲ. ಬನ್ನಿ, ಕೂತ್ಕೊಳ್ಳಿ."

ಫೋಟೋ ನೋಡಿ ಅವರು ಜೋರಾಗಿ ನಕ್ಕರು. ಆಗ ಇಲ್ಲಿ ವಾರದ ರಜೆ ಶುಕ್ರವಾರ; ಅಂದು ಇಗರ್ಜಿಯ ಪೂಜೆ ಮುಗಿಸಿ ಬಂದರೆ ಲಾಂಡ್ರಿಯವರೆಲ್ಲ ಬಾಚಿದ ತಲೆಯಲ್ಲಿ ಸಾಲಾಗಿ ನಿಂತಿರುತ್ತಿದ್ದರಂತೆ. "ತೆಗೆಸಿಕೊಳ್ಳಿ, ಆದ್ರೆ ನಾನು ಕೆಳಗಿಳಿಯುವುದಿಲ್ಲ ಅಂತ ನನ್ನ ಕಂಡೀಷನ್. ಡ್ಯೂಟಿ ಮಾಡಿ ಕಾಲು ಸೋತಿರ್ತದಲ್ಲ? ನಿಮ್ಮ ಯಜಮಾನರಿಗೆ ಸ್ಟಿಯರಿಂಗ್ ಕಾಣಬಾರದಿತ್ತು. ಅದು ಕಂಡ್ರೆ ಕಾರು ಹೆಂಗಸಿನದ್ದು ಅಂತ ಊರಲ್ಲಿ ಗೊತ್ತಾಗ್ತದೆ. ಹಾಗೆ ನಿಲ್ತೇನೆ, ಹೀಗೆ ನಿಲ್ತೇನೆ ಅಂತ ಕ್ಯಾಮರಾದವನ ಜೀವ ತಿಂದ್ರು. ನನ್ನನ್ನೂ ಮುಚ್ಚಿದ್ರು, ಕೈ ಒಂದು ಹೊರಗೆ ಉಳಿದಿದೆ ಪಾಪ."

ಆ ಕಾರಿನ ಹಿಂದಿನ ಬಾಗಿಲು ಆಸ್ಪತ್ರೆಯ ಗೇಟಿಗೆ ತಾಗಿ ನೆಗ್ಗಿದ್ದಂತೆ. ಕಾರು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತಂತೆ. ಅದನ್ನು ಕೇಳಿ ಇವರ ಕಿವಿ ನೆಟ್ಟಗಾಯಿತು. ಗುಜರಿಯ ಆ ಎರಡು ಬಾಗಿಲು ಇದೇ ಕಾರಿನವೇ? ಇರಬಹುದು, ಇಲ್ಲದಿರಬಹುದು. ಇವರು ಈಗಲೂ ಹೌದೆಂದೇ ಸಾಧಿಸುತ್ತಾರೆ. ಅಮ್ಮನಿಗೆ ಆಗ ಬಾಗಿಲು ಬೇಕಿರಲಿಲ್ಲ.

"ಒಂದು ಕೇಳುವುದುಂಟು ವಾರಿಜ" ಎಂದರು ಸಿಸ್ಟರ್, ನಗು ನಿಲ್ಲಿಸಿ. "ಆ ದಿನ ನೀವು ಯಾಕೆ ಬರಲಿಲ್ಲ?"

ಅಮ್ಮ ನೆಲ ನೋಡಿದಳು. "ತಂತಿ ಕೊಡಿಸಿದ್ದೆನಲ್ಲ."

"ತಂತಿ ಬಂದದ್ದು ಮರುದಿನ. ನಾವು ಏರ್‌ಪೋರ್ಟಿನಲ್ಲಿದ್ದೆವು. ಅವರಿಗೆ ಲೈಸೆನ್ಸ್ ಎಲ್ಲಿತ್ತು? ನಾನೇ ಕಾರು ತೆಗೆದದ್ದು. ಬೆಳಿಗ್ಗೆಯೇ ತೊಳೆದು ಇಟ್ಟಿದ್ರು. ಹೋಗುವಾಗಲೇ ಹಿಂದಿನ ಸೀಟಿನಲ್ಲಿ ಕೂತ್ರು. ಮುಂದೆ ಬನ್ನಿ ಅಂದ್ರೆ, ಬೇಡ ಸಿಸ್ಟರ್, ಬರುವಾಗ ವಾರಿಜ ಎದುರು ಕೂರಲಿ, ಊರು ಕಾಣ್ತದೆ, ನಾನೂ ಮಗುವೂ ಹಿಂದೆ ಅಂದ್ರು. ವಿಮಾನದವರೆಲ್ಲ ಹೊರಗೆ ಬಂದು ಮುಗಿದ ಮೇಲೂ ಅಲ್ಲೇ ನಿಂತಿದ್ರು. ನಾನೇ ಕರ್ಕೊಂಡು ಬಂದೆ. ಬರುವಾಗಲೂ ಹಿಂದೆಯೇ ಕೂತ್ರು. ನನ್ನ ಪಕ್ಕದ ಸೀಟು ಖಾಲಿಯೇ ಬಂತು."

ಅಮ್ಮ ಅಳುತ್ತಾಳೆಂದು ನಾನು ಕಾದೆ. ಅವಳು ಅಳಲಿಲ್ಲ. ಇಷ್ಟೇ ಕೇಳಿದಳು, "ಆ ದಿನ ಅವರು ಊಟ ಮಾಡಿದ್ರಾ?"

ಸಿಸ್ಟರ್ ನೆನಪು ಮಾಡಿಕೊಳ್ಳಲು ನಿಜವಾಗಿಯೂ ಪ್ರಯತ್ನಪಟ್ಟರು. "ಗೊತ್ತಿಲ್ಲ ಬಾಯಿ" ಎಂದರು.

ಕೆಳಗೆ ಬಂದೆವು. ಮಧ್ಯಾಹ್ನದ ಬಿಸಿಲು ಆಗಲೇ ಚುರುಕಾಗಿತ್ತು. ಇವರು ಬಾಗಿಲು ತೆಗೆಯಲು ಹೋದರೆ ಅಮ್ಮ ಕೈಸನ್ನೆಯಲ್ಲೇ ಬೇಡವೆಂದಳು. ಕಾರಿನ ಮೂತಿಯ ಮೇಲೆ ಕೈಯೂರಿಕೊಂಡು, ನೋವಿನ ಕಾಲು ಎಳೆಯುತ್ತ, ಸುತ್ತಿ ಬಲಗಡೆಗೆ ಹೋದಳು. ಎರಡು ತಿಂಗಳಲ್ಲಿ ಮೊದಲ ಸಲ, ಯಾರೂ ಹೇಳದೆ. ಮುಂದಿನ ಬಾಗಿಲು ತಾನೇ ತೆರೆದು, ಸೆರಗು ಸರಿಮಾಡಿಕೊಂಡು ಕೂತು, ಎದುರಿನ ರಸ್ತೆಯನ್ನು ನೋಡತೊಡಗಿದಳು.

ನಾನು ಹಿಂದೆ ಕೂತೆ. ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟು ಕೂತೆ.